ಬಣ್ಣದಿಂದ ಯಜಮಾನಿಕೆಗೆ

ನಾಟಕ ಕಂಪನಿಗಳು ನಮ್ಮ ನಾಡಿನಲ್ಲಿ ಊರೂರು ತಿರುಗುತ್ತಿದ್ದ ದಿನಗಳಲ್ಲಿ ‘ಮಾಲಕರು’ ಎಂಬ ಮಾತಿಗೆ ಒಂದು ವಿಶೇಷವಾದ ತೂಕವಿದ್ದಿತು. ಕಂಪನಿಯ ಬಿಡಾರ ಯಾವ ಊರಿಗೆ ಹೊರಡಬೇಕು, ಈ ರಾತ್ರಿ ಯಾವ ನಾಟಕ ಆಡಬೇಕು, ಯಾರಿಗೆ ಯಾವ ಪಾತ್ರ, ಯಾರ ಸಂಬಳವೆಷ್ಟು ಎಂಬುದೆಲ್ಲ ಅವರ ಮಾತಿನ ಮೇಲೆ ನಿರ್ಣಯವಾಗುತ್ತಿತ್ತು. ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ಚಕ್ರವರ್ತಿಯಾಗಿ ಮೆರೆದ ನಟನೂ ಬೆಳಗಾದೊಡನೆ ಮಾಲಕರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಬಣ್ಣ ಒಬ್ಬರದು, ಯಜಮಾನಿಕೆ ಇನ್ನೊಬ್ಬರದು.

ಚಲಚ್ಚಿತ್ರ ಬಂದ ಮೇಲೂ ಈ ಭೇದ ಅಳಿಯಲಿಲ್ಲ. ನಾಟಕದಲ್ಲಿ ಬಹುಮಟ್ಟಿಗೆ ಒಬ್ಬನೇ ಆಗಿದ್ದ ಯಜಮಾನ ಇಲ್ಲಿ ಇಬ್ಬರಾದನು. ಹಣ ಹೂಡುವ ನಿರ್ಮಾಪಕನೊಬ್ಬ; ಕೆಲಸ ನಡೆಸುವ ನಿರ್ದೇಶಕನೊಬ್ಬ. ತೆರೆಯ ಮೇಲೆ ಕಾಣುವ ಮುಖಗಳೆಲ್ಲ ಇವರಿಬ್ಬರ ಆಜ್ಞೆಗೆ ಒಳಪಟ್ಟವು. ಅದರಲ್ಲಿಯೂ ನಟಿಯ ಪಾಡು ವಿಚಿತ್ರವಾದದ್ದು. ಅವಳ ಮುಖ ಲಕ್ಷಾಂತರ ಜನರಿಗೆ ಪರಿಚಿತ. ಅವಳ ಮಾತು ಚಿತ್ರಶಾಲೆಯೊಳಗೆ ನಡೆಯುವುದು ಮಾತ್ರ ಅಪರೂಪ. ಅವಳ ರೂಪಿಗೆ, ಕಂಠಕ್ಕೆ, ವಯಸ್ಸಿಗೆ ಬೆಲೆ ಕಟ್ಟುವವರು ಬೇರೆ. ಆ ಬೆಲೆ ಇಳಿದಾಗ ಲೆಕ್ಕ ಮುಗಿಸುವವರೂ ಅವರೇ.

ಕನ್ನಡದಲ್ಲಿ ಈ ಗೆರೆಯನ್ನು ಮೊದಲು ದಾಟಿದ ಅಭಿನೇತ್ರಿ ಎಂ. ವಿ. ರಾಜಮ್ಮನವರು. 1943ರಲ್ಲಿ ತೆರೆಕಂಡ ‘ರಾಧಾರಮಣ’ದ ನಿರ್ಮಾಪಕಿಯೆಂದು ಅವರ ಹೆಸರು ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ನಿಂತಿದೆ. ಮಾತನಾಡುವ ಚಿತ್ರ ಕನ್ನಡಕ್ಕೆ ಬಂದು ಇನ್ನೂ ಒಂಬತ್ತು ವರ್ಷಗಳಷ್ಟೇ ಆಗಿದ್ದ ಕಾಲವದು. ಅಷ್ಟು ಬೇಗ ಒಬ್ಬ ನಟಿ ನಿರ್ಮಾಪಕಿಯ ಪೀಠಕ್ಕೇರಿದ್ದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದರ ಪಕ್ಕದಲ್ಲಿಯೇ ಇದ್ದ ನಿರ್ದೇಶಕಿಯ ಪೀಠಕ್ಕೆ ಕನ್ನಡದ ತೆರೆಯ ಮೇಲೆ ಹೆಸರಾದ ನಟಿ ಬಂದು ಕೂಡಲು ಮತ್ತೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಪಕ್ಕಪಕ್ಕದಲ್ಲಿರುವ ಎರಡು ಪೀಠಗಳ ನಡುವೆ ಇಷ್ಟು ದೂರವೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಒಬ್ಬ ನಟಿಯ ಕಥೆಗಿಂತ ದೊಡ್ಡದಾದ ಕಥೆಯೊಂದು ಕಣ್ಣಿಗೆ ಬೀಳುತ್ತದೆ.

ನಮ್ಮ ಸೀಮೆಯ ಇಬ್ಬರು

ರಾಜಮ್ಮನವರ ಸಾಧನೆಯ ಅಳತೆ ತಿಳಿಯಬೇಕಾದರೆ ಅದೇ ಕಾಲದ ಬೇರೆ ನಟಿಯರ ಬಾಳನ್ನೂ ನೋಡಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತಿನ ಸೀಮೆಯೇ ಸಾಕು.

ಉತ್ತರ ಕರ್ನಾಟಕದ ಹೆಂಗಸರಿಗೆ ರಂಗಭೂಮಿ ಹೊಸದಲ್ಲ. ಯಜಮಾನಿಕೆಯೂ ತೀರ ಹೊಸದಾಗಿರಲಿಲ್ಲ. ಗುರ್ಲಹೊಸೂರಿನ ಯಲ್ಲವ್ವನವರು ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿಯೇ ಸ್ವಂತ ನಾಟಕ ಕಂಪನಿ ಕಟ್ಟಿ ನಡೆಸಿದವರು. ಹೆಂಗಸರ ಪಾತ್ರಗಳನ್ನೂ ಗಂಡಸರೇ ಮಾಡುವುದು ರೂಢಿಯಾಗಿದ್ದ ಆ ದಿನಗಳಲ್ಲಿ ಹೆಣ್ಣುಮಗಳೊಬ್ಬಳು ಕಂಪನಿಯ ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಸಣ್ಣ ಮಾತಲ್ಲ. ಆದರೆ ನಾಟಕದ ಪರದೆ, ಪೆಟ್ಟಿಗೆ, ಬಿಡಾರಗಳಿಗೆ ಬೇಕಾದ ಬಂಡವಾಳ ಒಂದು ಬಗೆಯದಾದರೆ ಬೋಲಪಟಕ್ಕೆ ಬೇಕಾದದ್ದು ಇನ್ನೊಂದು ಬಗೆಯದು. ಅಲ್ಲಿ ಯಂತ್ರ ಬೇಕು, ಫಿಲ್ಮು ಬೇಕು, ಚಿತ್ರಶಾಲೆ ಬೇಕು, ಹಂಚಿಕೆದಾರ ಬೇಕು. ಇವು ಯಾವುವೂ ಆಗ ನಮ್ಮ ಕೈಯಳತೆಯಲ್ಲಿರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರಲ್ಲಿ ಸಿದ್ಧವಾದದ್ದು ಕೊಲ್ಲಾಪುರದ ಚಿತ್ರಶಾಲೆಯಲ್ಲಿ. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದ ಪ್ರತಿಭೆಗೆ ಕೊಲ್ಲಾಪುರ, ಪುಣೆ, ಮುಂಬಯಿಗಳೇ ದಾರಿಯಾದುವು. ಮೈಸೂರು ಸೀಮೆಯವರು ಮದ್ರಾಸಿನ ದಾರಿ ಹಿಡಿದರು.

ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬಳೀಕರ ಅವರು ಪುಣೆಗೆ ಹೋದರು. ಪ್ರಭಾತ ಸಂಸ್ಥೆಗಾಗಿ ವ್ಹಿ. ಶಾಂತಾರಾಮರು 1939ರಲ್ಲಿ ನಿರ್ದೇಶಿಸಿದ ‘ಮಾಣೂಸ್’ ಚಿತ್ರದಲ್ಲಿ, ಪೊಲೀಸು ಪೇದೆಯೊಬ್ಬನ ಪ್ರೀತಿಗೆ ಪಾತ್ರಳಾದ ವೇಶ್ಯೆ ಮೈನಾಳ ಪಾತ್ರವನ್ನು ಅವರು ವಹಿಸಿದರು. ನಾಳಿನ ಮಾತೇಕೆ ಎಂದು ನಗುತ್ತ ಅವರು ಹಾಡಿದ ಹಾಡು ಮಹಾರಾಷ್ಟ್ರದ ಮನೆಮನೆಯಲ್ಲಿ ನಿಂತಿತು. 1942ರಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆ ‘ಜೀವನ ನಾಟಕ’ ಎಂಬ ಸಾಮಾಜಿಕ ಚಿತ್ರವನ್ನು ತೆಗೆದಾಗ ಕಥಾನಾಯಕಿಯಾಗಿ ಕನ್ನಡಕ್ಕೂ ಬಂದರು. ಅದರ ಬರವಣಿಗೆಯಲ್ಲಿ ಅ. ನ. ಕೃಷ್ಣರಾಯರ ಕೈಯಿತ್ತು. ಇಷ್ಟೆಲ್ಲ ಕೀರ್ತಿಯನ್ನು ಕಂಡ ಆ ಅಭಿನೇತ್ರಿ ಮುಪ್ಪಿನಲ್ಲಿ ಆಶ್ರಮವೊಂದರ ಆಶ್ರಯದಲ್ಲಿ ದಿನಗಳನ್ನು ಕಳೆಯಬೇಕಾಯಿತು. 1990ರಲ್ಲಿ ಪ್ರಕಟವಾದ ತಮ್ಮ ಮರಾಠಿ ಆತ್ಮಕಥೆಗೆ ಅವರು ಆ ಹಳೆಯ ಹಾಡಿನ ಪಲ್ಲವಿಯನ್ನೇ ಹೆಸರಾಗಿ ಇಟ್ಟರು. 1992ರಲ್ಲಿ ತೀರಿಕೊಂಡರು. ನಾಳಿನ ಮಾತೇಕೆ ಎಂದು ಹಾಡಿದವರಿಗೆ ಆ ನಾಳೆಯೇ ಕಠಿನವಾಯಿತು. ಹಾಡು ಜನರದಾಗಿತ್ತು, ಚಿತ್ರ ಸಂಸ್ಥೆಯದಾಗಿತ್ತು. ಹಾಡಿದವರ ಪಾಲಿಗೆ ಉಳಿದದ್ದು ನೆನಪು.

ವಿಜಾಪುರ ಸೀಮೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ದಾರಿ ಬೇರೆಯಾಯಿತು. 1934ರಲ್ಲಿ ನಟಿಯಾಗಿ ಹಿಂದಿ ಬೋಲಪಟಕ್ಕೆ ಕಾಲಿಟ್ಟ ಅವರನ್ನು ದೇಶ ಗುರುತಿಸಿದ್ದು ಕಂಠದಿಂದ. 1943ರ ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಆ ಓಟಕ್ಕೆ ಕಾರಣವಾದ ಹಾಡುಗಳಲ್ಲಿ ಅನೇಕವು ಅಮೀರಬಾಯಿಯವರವು. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಅವರು ತಾವೇ ಸಂಗೀತ ನಿರ್ದೇಶನ ಮಾಡಿದರು. ಹಾಡುವವಳಾಗಿ ಬಂದವಳು ಹಾಡಿಸುವವಳಾದಳು. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಜ್ ಎದ್ದು ನಿಂತಿತು. ಚಿತ್ರ ಯಾರದೇ ಆಗಿರಲಿ, ಅದನ್ನು ತೋರಿಸುವ ಮನೆ ತನ್ನದಾಗಿರಲಿ ಎಂಬ ಲೆಕ್ಕಾಚಾರವನ್ನು ಅದರ ಹಿಂದೆ ಕಾಣಬಹುದು. 1965ರಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ರಹಮತ್ ತರೀಕೆರೆಯವರು ಅವರ ಬಾಳನ್ನು ಕುರಿತು ಕನ್ನಡದಲ್ಲಿ ಪುಸ್ತಕವನ್ನು ಬರೆದು ಋಣ ತೀರಿಸಿದರು.

ಇಬ್ಬರೂ ಒಂದೇ ಸೀಮೆಯವರು, ಒಂದೇ ಕಾಲದವರು. ಒಬ್ಬರ ಕೈಯಲ್ಲಿ ಕೊನೆಗೆ ಏನೂ ನಿಲ್ಲಲಿಲ್ಲ; ಇನ್ನೊಬ್ಬರು ತಮ್ಮ ಹೆಸರಿನ ಒಂದು ಕಟ್ಟಡವನ್ನು ಊರಿಗೆ ಬಿಟ್ಟುಹೋದರು. ಪ್ರತಿಭೆಯ ಹೆಚ್ಚುಕಡಿಮೆಯಿಂದ ಈ ಅಂತರ ಹುಟ್ಟಲಿಲ್ಲ. ನಟಿಗೆ ಸಲ್ಲುವುದು ಕೂಲಿಯೇ, ಪಾಲೇ ಎಂಬ ಪ್ರಶ್ನೆ ಇಲ್ಲಿ ಅಡಗಿದೆ. ರಾಜಮ್ಮನವರು 1943ರಲ್ಲಿ ಉತ್ತರ ಕೊಟ್ಟದ್ದು ಈ ಪ್ರಶ್ನೆಗೆ.

‘ಸಂಸಾರ ನೌಕೆ’ಯಿಂದ ‘ರಾಧಾರಮಣ’ಕ್ಕೆ

ಮಹಮದ್ ಪೀರರ ಚಂದ್ರಕಲಾ ನಾಟಕ ಮಂಡಳಿ ಆಡುತ್ತಿದ್ದ ನಾಟಕಗಳಲ್ಲಿ ಎಚ್. ಎಲ್. ಎನ್. ಸಿಂಹ ಅವರ ‘ಸಂಸಾರ ನೌಕೆ’ಯೂ ಒಂದು. ರಾಜಮಹಾರಾಜರೂ ದೇವಾನುದೇವತೆಗಳೂ ತುಂಬಿದ್ದ ರಂಗಭೂಮಿಯ ಮೇಲೆ ನಮ್ಮ ನಿಮ್ಮಂಥವರ ಮನೆಯ ತೊಳಲಾಟವನ್ನು ತಂದ ನಾಟಕ ಅದು. 1936ರಲ್ಲಿ ಸಿಂಹ ಅವರೇ ಅದನ್ನು ಮದ್ರಾಸಿನಲ್ಲಿ ಚಿತ್ರವನ್ನಾಗಿ ನಿರ್ದೇಶಿಸಿದರು. ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂಬ ಹೆಸರು ಅದಕ್ಕೆ ಬಂದಿತು. ನಾಯಕರಾಗಿ ಬಿ. ಆರ್. ಪಂತುಲು, ನಾಯಕಿಯಾಗಿ ಎಂ. ವಿ. ರಾಜಮ್ಮ. ಆಗಿನ್ನೂ ಹರೆಯಕ್ಕೆ ಕಾಲಿಡುತ್ತಿದ್ದ ಹುಡುಗಿ. ಈ ಇಬ್ಬರು ಸಹನಟರ ಒಡನಾಟ ಮುಂದೆ ದಶಕಗಳ ಕಾಲ ನಡೆಯಿತು.

ಕನ್ನಡದಲ್ಲಿ ಚಿತ್ರಗಳು ತಯಾರಾಗುತ್ತಿದ್ದುದು ಬೆರಳೆಣಿಕೆಯಷ್ಟು. ಕೆಲವು ವರ್ಷಗಳಲ್ಲಿ ಅದೂ ಇಲ್ಲ. ಇಂಥ ಸ್ಥಿತಿಯಲ್ಲಿ ಕನ್ನಡದ ನಟಿ ಕನ್ನಡವನ್ನಷ್ಟೇ ನಂಬಿ ಬದುಕುವಂತಿರಲಿಲ್ಲ. ರಾಜಮ್ಮನವರು ತಮಿಳು ಚಿತ್ರಗಳಲ್ಲಿ ಹೆಸರು ಮಾಡಿದರು. 1940ರ ‘ಉತ್ತಮಪುತ್ತಿರನ್’ ಚಿತ್ರದಲ್ಲಿ ಪಿ. ಯು. ಚಿನ್ನಪ್ಪನವರು ದ್ವಿಪಾತ್ರದಲ್ಲಿ ಮೆರೆದಾಗ ಅವರೆದುರು ನಾಯಕಿಯಾದವರು ಇವರೇ. 1941ರಲ್ಲಿ ‘ಗುಮಾಸ್ತಾವಿನ್ ಪೆಣ್’ ಬಂದಿತು. ಆ ವೇಳೆಗೆ ಅವರು ತಮಿಳುನಾಡಿನ ಪ್ರೇಕ್ಷಕರಿಗೆ ಬಲ್ಲ ಮುಖವಾಗಿದ್ದರು. ನಟನೆಯಿಂದಲೇ ಸುಖವಾಗಿ ಬಾಳಬಹುದಾಗಿತ್ತು.

ಹಾಗಿರುವಾಗ ಅವರು ಆರಿಸಿಕೊಂಡದ್ದು ಕನ್ನಡ ಚಿತ್ರವೊಂದರ ನಿರ್ಮಾಣವನ್ನು, ಅದೂ 1943ರಲ್ಲಿ. ಆ ಕಾಲವೆಂಥದೆಂಬುದನ್ನು ನೆನೆದರೆ ಈ ಆಯ್ಕೆಯ ಧೈರ್ಯ ತಿಳಿದೀತು. ಎರಡನೆಯ ಮಹಾಯುದ್ಧ ಕಾವೇರಿತ್ತು. ಜಪಾನೀಯರ ದಾಳಿಯ ಭಯದಿಂದ 1942ರ ಏಪ್ರಿಲಿನಲ್ಲಿ ಮದ್ರಾಸು ಪಟ್ಟಣದ ಅರ್ಧಕ್ಕರ್ಧ ಖಾಲಿಯಾಗಿತ್ತು. ಕಚ್ಚಾ ಫಿಲ್ಮು ಹೊರದೇಶದಿಂದಲೇ ಬರಬೇಕು. ಹಡಗುಗಳೆಲ್ಲ ಯುದ್ಧದ ಸಾಮಾನು ಹೊರುವುದರಲ್ಲಿ ತೊಡಗಿದ್ದುವು. ಚಿತ್ರ 11,000 ಅಡಿಗಳನ್ನು ಮೀರಕೂಡದೆಂದು ಸರಕಾರ ನಿರ್ಬಂಧ ಹಾಕಿತು. ತೆರೆಯ ಮೇಲೆ ಅದು ಸುಮಾರು ಎರಡು ಗಂಟೆಯ ಓಟ. ಮೂರು ಮೂರೂವರೆ ಗಂಟೆಗಳ ಚಿತ್ರ ನೋಡಿ ರೂಢಿಯಾಗಿದ್ದ ಪ್ರೇಕ್ಷಕರಿಗೆ ಅದು ಅರೆಹೊಟ್ಟೆಯ ಊಟ. 1943ರಲ್ಲಿ ಫಿಲ್ಮಿನ ಹಂಚಿಕೆಯೇ ಪರವಾನಗಿಯ ಕಟ್ಟಿಗೆ ಒಳಪಟ್ಟಿತು. ಇಷ್ಟರ ಮೇಲೆ ಕನ್ನಡ ಚಿತ್ರದ ಮಾರುಕಟ್ಟೆ ಚಿಕ್ಕದು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಸೀಮೆಯ ಚಿತ್ರ ನಮ್ಮ ಕಡೆಗೆ ಬರುವುದು, ಬಂದು ನಿಲ್ಲುವುದು ಯಾವ ಭರವಸೆಯೂ ಇಲ್ಲದ ವ್ಯವಹಾರ. ಅನುಭವಸ್ಥ ವರ್ತಕರೂ ಹಿಂದೆಗೆಯುವ ಹೊತ್ತಿನಲ್ಲಿ ಇಪ್ಪತ್ತರ ಹರೆಯದ ನಟಿಯೊಬ್ಬರು ಮುಂದೆ ಹೆಜ್ಜೆಯಿಟ್ಟರು.

‘ರಾಧಾರಮಣ’ ಪೌರಾಣಿಕ ಚಿತ್ರ. ಅದರಲ್ಲಿ ರಾಜಮ್ಮನವರೂ ಪಂತುಲು ಅವರೂ ಅಭಿನಯಿಸಿದರು. ಇತಿಹಾಸದ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಮಹತ್ವವುಂಟು. ನಾಟಕರಂಗದಿಂದ ಬಂದಿದ್ದ ಇಬ್ಬರು ಯುವಕರು ಅದರಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. ಒಬ್ಬರು ಟಿ. ಎನ್. ಬಾಲಕೃಷ್ಣ. ಕಿವಿ ಮಂದವಾಗಿದ್ದರೂ ಎದುರಿನವರ ತುಟಿಯ ಚಲನೆಯನ್ನು ಹಿಡಿದು ಮಾತಿಗೆ ಮಾತು ಕೊಡುತ್ತ, ಮುಂದೆ ಹಲವು ದಶಕಗಳ ಕಾಲ ಕನ್ನಡಿಗರನ್ನು ನಗಿಸಿದ, ಬೆಂಗಳೂರಿನಲ್ಲಿ ಅಭಿಮಾನ್ ಚಿತ್ರಶಾಲೆಯನ್ನು ಕಟ್ಟಿದ ಬಾಲಣ್ಣ. ಇನ್ನೊಬ್ಬರು ಜಿ. ವಿ. ಅಯ್ಯರ್. 1975ರ ‘ಹಂಸಗೀತೆ’ಯ, 1983ರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ದ ನಿರ್ದೇಶಕರು. ಹೆಣ್ಣುಮಗಳೊಬ್ಬಳು ಹಣ ಹೂಡಿ ತೆರೆದ ಬಾಗಿಲಿನಿಂದ ಒಳಬಂದ ಈ ಗಂಡಸರು ಕನ್ನಡ ಚಿತ್ರರಂಗದ ಕಂಬಗಳಾದರು. ಬಾಗಿಲು ತೆರೆದವರ ಹೆಸರನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಮುಂದೆ ರಾಜಮ್ಮನವರು ನಟನೆಗೇ ಹೆಚ್ಚಾಗಿ ತಿರುಗಿದರು. 1948ರ ತಮಿಳು ‘ಜ್ಞಾನಸೌಂದರಿ’ಯ ನಾಯಕಿಯಾದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ತಾಯಿಯ ಪಾತ್ರಗಳು ಬಂದುವು. 1958ರಲ್ಲಿ ಪಂತುಲು ಅವರು ನಿರ್ದೇಶಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ನಿವೃತ್ತ ಉಪಾಧ್ಯಾಯರ ಮಡದಿಯಾಗಿ ಅವರು ತೋರಿದ ಸಂಯಮವನ್ನು ನೋಡಿದವರು ಮರೆಯಲಾರರು. ಮಕ್ಕಳನ್ನು ಸಾಕಿ ಬೆಳೆಸಿದ ದಂಪತಿಗಳು ಮುಪ್ಪಿನಲ್ಲಿ ಒಬ್ಬರಿಂದೊಬ್ಬರು ಅಗಲಿ ಮಕ್ಕಳ ಮನೆಗಳಲ್ಲಿ ಹಂಗಿನ ಕೂಳು ತಿನ್ನಬೇಕಾದ ಆ ಕಥೆಯನ್ನು ಕಂಡು ಕಣ್ಣೊರೆಸಿಕೊಳ್ಳದ ಶಿಕ್ಷಕರು ನಮ್ಮಲ್ಲಿ ಇದ್ದಾರೆಯೇ? 1964ರ ‘ಕರ್ಣನ್’ ತಮಿಳು ಚಿತ್ರದಲ್ಲಿ ಅವರು ಕುಂತಿಯಾದರು. ಹೆತ್ತ ಮಗನನ್ನು ಮಗನೆಂದು ಹೇಳಿಕೊಳ್ಳಲಾರದ ತಾಯಿ. ಒಂದು ಚಿತ್ರದ ಒಡತಿಯಾಗಿದ್ದವರು ಪೋಷಕ ನಟಿಯಾಗಿ ಗೌರವದಿಂದ ಬಾಳಿದರು. ನಿರ್ದೇಶನಕ್ಕೆ ಕೈಹಾಕಲಿಲ್ಲ.

ಹಣ ಮತ್ತು ಆಜ್ಞೆ

ಹೀಗೇಕಾಯಿತು? ಆ ಹೊತ್ತಿಗೆ ನಟಿಯೊಬ್ಬಳು ಚಿತ್ರ ನಿರ್ದೇಶಿಸುವುದು ದೇಶದಲ್ಲಿ ಕಂಡುಕೇಳದ ಸಂಗತಿಯೇನೂ ಆಗಿರಲಿಲ್ಲ. ಮೂಕಚಿತ್ರಗಳ ಕಾಲದಲ್ಲಿಯೇ, 1926ರಲ್ಲಿ, ಫಾತಿಮಾ ಬೇಗಂ ಎಂಬ ನಟಿ ಮುಂಬಯಿಯಲ್ಲಿ ಸ್ವಂತ ಸಂಸ್ಥೆ ಸ್ಥಾಪಿಸಿ ‘ಬುಲ್‌ಬುಲೆ ಪರಿಸ್ತಾನ್’ ಚಿತ್ರವನ್ನು ನಿರ್ದೇಶಿಸಿದ್ದರು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ನಾಯಕಿ ಜುಬೇದಾ ಇವರ ಮಗಳು. ತಮಿಳಿನ ಮೊದಲ ವಾಕ್ಚಿತ್ರ ‘ಕಾಳಿದಾಸ್’ದ ನಾಯಕಿ ಟಿ. ಪಿ. ರಾಜಲಕ್ಷ್ಮಿಯವರು ತಮ್ಮದೇ ಕಾದಂಬರಿಯನ್ನು ಆಧರಿಸಿ 1936ರಲ್ಲಿ ‘ಮಿಸ್ ಕಮಲಾ’ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದರು. ರಾಜಮ್ಮನವರು ‘ಸಂಸಾರ ನೌಕೆ’ಯಲ್ಲಿ ಮೊದಲ ಹೆಜ್ಜೆಯಿಟ್ಟ ವರ್ಷವೂ ಅದೇ, ಪಟ್ಟಣವೂ ಅದೇ ಮದ್ರಾಸು. 1953ರಲ್ಲಿ ಭಾನುಮತಿಯವರು ‘ಚಂಡೀರಾಣಿ’ಯನ್ನು ತೆಲುಗು, ತಮಿಳು, ಹಿಂದಿ ಮೂರು ಭಾಷೆಗಳಲ್ಲಿ ನಿರ್ದೇಶಿಸಿ, ತಾವೇ ದ್ವಿಪಾತ್ರದಲ್ಲಿ ಅಭಿನಯಿಸಿದರು. ದಾರಿ ಇದ್ದೇ ಇತ್ತು. ಅದರಲ್ಲಿ ನಡೆದವರು ಮಾತ್ರ ಕೈಬೆರಳಿಗೆ ಸಿಕ್ಕುವಷ್ಟು.

ಇದಕ್ಕೆ ಕಾರಣವನ್ನು ಅಮೆರಿಕೆಯ ಒಂದು ಉದಾಹರಣೆಯಿಂದ ತಿಳಿಯಲು ಯತ್ನಿಸೋಣ. ಐಡಾ ಲುಪಿನೋ 1918ರಲ್ಲಿ ಲಂಡನ್ನಿನ ನಾಟಕದ ಮನೆತನವೊಂದರಲ್ಲಿ ಹುಟ್ಟಿದವಳು. ಹದಿಹರೆಯದಲ್ಲಿಯೇ ಹಾಲಿವುಡ್ಡಿಗೆ ಬಂದು, 1941ರ ‘ಹೈ ಸಿಯೆರಾ’ದಂಥ ಚಿತ್ರಗಳಿಂದ ಪ್ರಸಿದ್ಧಳಾದಳು. ವಾರ್ನರ್ ಸಂಸ್ಥೆಯ ಸಂಬಳದ ನಟಿಯಾಗಿದ್ದಾಗ ಮನಸ್ಸಿಗೆ ಒಪ್ಪದ ಪಾತ್ರಗಳನ್ನು ನಿರಾಕರಿಸಿದಳು. ಸಂಸ್ಥೆ ಅವಳನ್ನು ಆಗಾಗ ಕೆಲಸದಿಂದ ಅಮಾನತ್ತಿನಲ್ಲಿ ಇಟ್ಟಿತು. ಸಂಬಳವಿಲ್ಲದ ಆ ದಿನಗಳನ್ನು ಅವಳು ಚಿತ್ರಶಾಲೆಯ ಮೂಲೆಯಲ್ಲಿ ನಿಂತು ನಿರ್ದೇಶಕರು ಹೇಗೆ ಕೆಲಸ ಮಾಡುತ್ತಾರೆ, ಸಂಕಲನಕಾರರು ಫಿಲ್ಮನ್ನು ಹೇಗೆ ಕತ್ತರಿಸಿ ಜೋಡಿಸುತ್ತಾರೆ ಎಂಬುದನ್ನು ನೋಡುವುದಕ್ಕೆ ಬಳಸಿದಳು. ಶಿಕ್ಷೆಯೇ ಶಿಕ್ಷಣವಾಯಿತು.

ಮುಂದೆ ಗಂಡ ಕೋಲಿಯರ್ ಯಂಗನೊಡನೆ ಸ್ವಂತ ಸಂಸ್ಥೆಯನ್ನು ಆರಂಭಿಸಿದಳು. 1949ರಲ್ಲಿ, ಮದುವೆಯಿಲ್ಲದೆ ತಾಯಿಯಾದ ಹುಡುಗಿಯ ಕಥೆಯಾದ ‘ನಾಟ್ ವಾಂಟೆಡ್’ ಚಿತ್ರವನ್ನು ತೆಗೆಯುವಾಗ ನಿರ್ದೇಶಕ ಎಲ್ಮರ್ ಕ್ಲಿಫ್ಟನ್ ಹೃದಯಾಘಾತಕ್ಕೆ ಗುರಿಯಾದನು. ನಿರ್ಮಾಪಕಿಯಾಗಿದ್ದ ಲುಪಿನೋ ಕ್ಯಾಮರಾದ ಹಿಂದೆ ನಿಂತು ಚಿತ್ರವನ್ನು ಮುಗಿಸಿದಳು. ಹೆಸರು ಮಾತ್ರ ಕ್ಲಿಫ್ಟನ್ನನದೇ ಉಳಿಯಿತು. ಅನಂತರ ಅವಳ ಹೆಸರಿನಲ್ಲಿಯೇ ಚಿತ್ರಗಳು ಬಂದುವು. ತಾನು ಎಳೆಯ ವಯಸ್ಸಿನಲ್ಲಿ ಪೋಲಿಯೋ ರೋಗಕ್ಕೆ ತುತ್ತಾಗಿದ್ದವಳು, ಅದೇ ರೋಗ ತಗುಲಿದ ನರ್ತಕಿಯ ಕಥೆ ಹೇಳಿದಳು. 1950ರ ‘ಔಟ್‌ರೇಜ್’ನಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣಿನ ಮನಸ್ಸನ್ನು ತೋರಿದಳು. 1953ರಲ್ಲಿ ‘ದಿ ಹಿಚ್-ಹೈಕರ್’ ಎಂಬ, ಮೂವರು ಗಂಡಸರ ಸುತ್ತ ಹೆಣೆದ ರೋಮಾಂಚಕ ಚಿತ್ರ ಬಂದಿತು. ಅದೇ ವರ್ಷದ ‘ದಿ ಬಿಗಮಿಸ್ಟ್’ನಲ್ಲಿ ನಿರ್ದೇಶಕಿಯೂ ನಟಿಯೂ ತಾನೇ ಆದಳು. ಅಮೆರಿಕೆಯ ನಿರ್ದೇಶಕರ ಸಂಘದಲ್ಲಿ ಡೊರೋತಿ ಆರ್ಜ್ನರ್ ಬಳಿಕ ಸದಸ್ಯತ್ವ ಪಡೆದ ಎರಡನೆಯ ಹೆಂಗಸು ಅವಳು. ಸಂಸ್ಥೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಆಮೇಲೆ ದೂರದರ್ಶನದ ಕಥಾಮಾಲೆಗಳನ್ನು ನಿರ್ದೇಶಿಸಿ ದುಡಿದಳು. 1966ರಲ್ಲಿ ಮತ್ತೊಂದು ಚಲಚ್ಚಿತ್ರವನ್ನು ಮಾಡಿದಳು. 1995ರಲ್ಲಿ ಮರಣ ಹೊಂದಿದಳು.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದ ಒಂದು ಚಿಕ್ಕ ವಿವರವಿದೆ. ಚಿತ್ರೀಕರಣದ ವೇಳೆಯಲ್ಲಿ ನಿರ್ದೇಶಕರು ಕೂಡುವ ಕುರ್ಚಿಯ ಬೆನ್ನಿಗೆ ಅವರ ಹೆಸರು ಬರೆಯುವುದು ಅಲ್ಲಿಯ ವಾಡಿಕೆ. ಲುಪಿನೋಳ ಕುರ್ಚಿಯ ಮೇಲೆ ‘ನಮ್ಮೆಲ್ಲರ ತಾಯಿ’ ಎಂಬ ಅರ್ಥದ ಮಾತು ಬರೆದಿತ್ತು. ಕೆಲಸಗಾರರು ಅವಳನ್ನು ‘ಅಮ್ಮ’ ಎಂದು ಕರೆಯುತ್ತಿದ್ದರು. ಅವಳು ಆಜ್ಞೆ ಮಾಡುತ್ತಿರಲಿಲ್ಲ. ಅಮ್ಮನಿಗೊಂದು ತೊಡಕು ಬಂದಿದೆ, ಸ್ವಲ್ಪ ಬಿಡಿಸಿಕೊಡಿ ಎಂಬ ಧಾಟಿಯಲ್ಲಿ ಮಾತನಾಡಿ ಕೆಲಸ ತೆಗೆಯುತ್ತಿದ್ದಳು. ಇದು ಅವಳ ಜಾಣತನ ನಿಜ. ಆದರೆ ಅಷ್ಟು ಸಮರ್ಥಳಾದವಳೂ ನೇರವಾಗಿ ಆಜ್ಞೆ ಮಾಡಲಾರದೆ ತಾಯಿಯ ಸೆರಗನ್ನು ಹೊದೆಯಬೇಕಾಯಿತೆಂಬುದೂ ಅಷ್ಟೇ ನಿಜ.

ಎರಡು ಪೀಠಗಳ ನಡುವಿನ ದೂರದ ಗುಟ್ಟು ಇಲ್ಲಿದೆಯೆಂದು ನನಗೆ ತೋರುತ್ತದೆ. ಹಣ ಹೂಡುವುದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ದುಡಿದು ಉಳಿಸಿದ ನಟಿ ಧೈರ್ಯ ಮಾಡಿದರೆ ನಿರ್ಮಾಪಕಿಯಾದಾಳು. ಹಣಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಅದನ್ನು ತೆಗೆದುಕೊಳ್ಳುವ ಕೈ ಕೊಡುವ ಕೈಯನ್ನು ಅಷ್ಟಾಗಿ ನೋಡುವುದಿಲ್ಲ. ನಿರ್ದೇಶನದ ಮಾತು ಹಾಗಲ್ಲ. ಅಲ್ಲಿ ನೂರು ಜನ, ಅವರಲ್ಲಿ ಬಹುಪಾಲು ಗಂಡಸರು, ಒಬ್ಬರ ಮಾತಿಗೆ ತಲೆಬಾಗಬೇಕು. ಛಾಯಾಗ್ರಾಹಕ ದೀಪವನ್ನು ಸರಿಸಬೇಕು, ನಾಯಕ ನಟ ಮಾಡಿದ್ದನ್ನು ಮತ್ತೆ ಮಾಡಬೇಕು. ಹಾಗೆ ತಲೆಬಾಗಲು ಮನಸ್ಸುಗಳು ಒಪ್ಪಬೇಕು. ಆ ಒಪ್ಪಿಗೆಯನ್ನು ಹಣದಿಂದ ಕೊಳ್ಳಲಾಗದು. ಮೇಲಾಗಿ ನಿರ್ದೇಶನದ ವಿದ್ಯೆಯನ್ನು ಕಲಿಸುವ ಶಾಲೆಗಳು ಆಗ ಇರಲಿಲ್ಲ. ಹಿರಿಯ ನಿರ್ದೇಶಕನ ಹಿಂದೆ ವರ್ಷಗಟ್ಟಲೆ ತಿರುಗಿ, ಹಗಲುರಾತ್ರಿ ಚಿತ್ರಶಾಲೆಯಲ್ಲಿ ಬಿದ್ದುಕೊಂಡು ಕಲಿಯಬೇಕು. ಕುಲವಂತ ಮನೆಯ ಹೆಣ್ಣುಮಕ್ಕಳು ಚಿತ್ರ ನೋಡಲು ಹೋಗುವುದನ್ನೇ ಕೊಂಕುನುಡಿಯುತ್ತಿದ್ದ ಸಮಾಜದಲ್ಲಿ ಆ ಶಿಷ್ಯವೃತ್ತಿ ಹೆಣ್ಣಿಗೆ ಎಲ್ಲಿಂದ ಸಿಕ್ಕೀತು?

ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. ನಿರ್ಮಾಪಕಿಯೆಂದು ತೆರೆಯ ಮೇಲೆ ಹೆಣ್ಣಿನ ಹೆಸರು ಬಂದ ಮಾತ್ರಕ್ಕೆ ಯಜಮಾನಿಕೆ ಅವಳದೆಂದು ಹೇಗೆ ನಂಬುವುದು? ಮನೆಯವರ ವ್ಯವಹಾರಕ್ಕೆ ಹೆಂಗಸರ ಹೆಸರಿಡುವುದು ನಮ್ಮಲ್ಲಿ ಹೊಸದಲ್ಲವಷ್ಟೆ. ಈ ಮಾತಿನಲ್ಲಿ ಸತ್ಯಾಂಶವುಂಟು. ಅನೇಕ ಚಿತ್ರಗಳ ವಿಷಯದಲ್ಲಿ ಅದು ಹೌದಾಗಿರಬಹುದು. ಆದರೆ ರಾಜಮ್ಮನವರು ಹೆಸರಿಗಷ್ಟೇ ಬಂದ ಗೃಹಿಣಿಯಲ್ಲ. ಏಳು ವರ್ಷ ಎರಡು ಭಾಷೆಗಳಲ್ಲಿ ದುಡಿದು ಈ ಉದ್ಯಮದ ಒಳಹೊರಗನ್ನು ಕಂಡವರು. ಹೆಸರಿಗೂ ಒಂದು ಬೆಲೆಯಿದೆ. ಮುಂದಿನವರು ಬೆರಳಿಟ್ಟು ತೋರಿಸುವುದು ಹೆಸರನ್ನೇ.

ಎರಡನೆಯ ಪೀಠ

ಕನ್ನಡದಲ್ಲಿ ಎರಡನೆಯ ಪೀಠ ಹೆಣ್ಣಿಗೆ ದೊರೆತದ್ದು ಎಂಬತ್ತರ ದಶಕದ ಹೊಸ್ತಿಲಲ್ಲಿ. ದಕ್ಷಿಣದ ಎಲ್ಲ ಭಾಷೆಗಳಲ್ಲಿಯೂ ಹೆಸರಾದ ನಟಿ ಲಕ್ಷ್ಮಿಯವರು 1980ರಲ್ಲಿ ‘ಮಕ್ಕಳ ಸೈನ್ಯ’ವನ್ನು ನಿರ್ದೇಶಿಸಿದರು. 1983ರಲ್ಲಿ ಪ್ರೇಮಾ ಕಾರಂತರ ‘ಫಣಿಯಮ್ಮ’ ಬಂದಿತು. ಪ್ರೇಮಾ ಅವರು ಚಿತ್ರನಟಿಯಾಗಿ ಬಂದವರಲ್ಲ. ರಂಗಭೂಮಿಯಿಂದ, ಮಕ್ಕಳ ನಾಟಕ ಮತ್ತು ವೇಷಭೂಷಣಗಳ ಕೆಲಸದಿಂದ ಬಂದವರು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಬಾಲ್ಯದಲ್ಲಿಯೇ ವಿಧವೆಯಾಗಿ ತಲೆ ಬೋಳಿಸಿಕೊಂಡು ಬಾಳಿದ ಹೆಣ್ಣಿನ ಮೌನ ಮಾತನಾಡಿತು. ಬರೆದವರು ಹೆಂಗಸು, ನಿರ್ದೇಶಿಸಿದವರು ಹೆಂಗಸು, ಬದುಕಿದವಳು ಹೆಂಗಸು. ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಪುಟ್ಟಣ್ಣ ಕಣಗಾಲರ ಚಿತ್ರಗಳಿಂದ ಮನೆಮಾತಾಗಿದ್ದ ಆರತಿಯವರು ಮುಂದೆ ‘ಮಿಠಾಯಿ ಮನೆ’ ಎಂಬ ಮಕ್ಕಳ ಚಿತ್ರವನ್ನು ನಿರ್ದೇಶಿಸಿದರು.

ಒಂದೇ ಮನೆಯಲ್ಲಿ ಈ ದೂರ ಹೇಗೆ ಸವೆಯಿತೆಂಬುದಕ್ಕೂ ಉದಾಹರಣೆಯಿದೆ. 1947ರ ‘ಕೃಷ್ಣಲೀಲಾ’ದಲ್ಲಿ ಅಭಿನಯಿಸಿ, 1951ರ ‘ಜಗನ್ಮೋಹಿನಿ’ಯಿಂದ ನಾಡಿನ ಮಾತಾದ ನಟಿ ಪ್ರತಿಮಾದೇವಿಯವರು. ಪತಿ ಡಿ. ಶಂಕರಸಿಂಗ್ ಅವರ ಮಹಾತ್ಮ ಪಿಕ್ಚರ್ಸ್ ಕಟ್ಟಿದ ಚಿತ್ರಗಳಲ್ಲಿ ಅವರು ದುಡಿದರು. ಅವರ ಮಗಳು ವಿಜಯಲಕ್ಷ್ಮಿ ಸಿಂಗ್ ತಾಯಿಯಂತೆಯೇ ನಟಿಯಾಗಿ ಬಂದರು, ಆಮೇಲೆ ನಿರ್ಮಾಪಕಿಯಾದರು, 2007ರಲ್ಲಿ ‘ಈ ಬಂಧನ’ವನ್ನು, 2009ರಲ್ಲಿ ‘ಮಳೆ ಬರಲಿ ಮಂಜೂ ಇರಲಿ’ ಚಿತ್ರವನ್ನು ನಿರ್ದೇಶಿಸಿದರು. ತಾಯಿ ಬೆಳಕಿಗೆ ಎದುರಾಗಿ ನಿಂತ ಉದ್ಯಮದಲ್ಲಿಯೇ ಮಗಳು ಆ ಬೆಳಕು ಎಲ್ಲಿ ಬೀಳಬೇಕೆಂಬುದನ್ನು ಹೇಳುವವಳಾದಳು. ಅಷ್ಟಕ್ಕೆ ಒಂದು ತಲೆಮಾರು ಕಳೆಯಬೇಕಾಯಿತು.

ಇಂದು ಕನ್ನಡದಲ್ಲಿ ಚಿತ್ರ ನಿರ್ದೇಶಿಸುವ ಹೆಣ್ಣುಮಕ್ಕಳು ಅಚ್ಚರಿಯ ವಸ್ತುವಾಗಿ ಉಳಿದಿಲ್ಲ. ಆದರೂ ಗಂಡಸರ ಸಂಖ್ಯೆಯ ಎದುರಿಗಿಟ್ಟು ನೋಡಿದರೆ ಅವರು ಇನ್ನೂ ತೀರ ಕೆಲವರೇ. ತಮ್ಮ ಹಿಂದೆ ಒಂದು ಪರಂಪರೆಯಿದೆಯೆಂಬುದು ಅವರಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ ಕಾಣೆ. ತಿಳಿಸುವವರಾದರೂ ಯಾರು? ‘ಸತಿ ಸುಲೋಚನ’ದ ಪ್ರತಿಯೇ ನಮಗೆ ಉಳಿದಿಲ್ಲ. ಆ ಮೊದಲ ದಶಕದ ಕನ್ನಡ ಚಿತ್ರಗಳು ಹೆಚ್ಚಿನವು ಇಂದಿನ ವಿದ್ಯಾರ್ಥಿಗೆ ನೋಡಸಿಗುವುದಿಲ್ಲ. ಚಿತ್ರ ಹೋದ ಮೇಲೆ ಉಳಿಯುವುದು ಹೆಸರು. ಹೆಸರೂ ಪುಸ್ತಕದ ಅಡಿಟಿಪ್ಪಣಿಯಾದರೆ ಉಳಿಯುವುದು ಏನು?

ನಮ್ಮ ಕಾಲೇಜುಗಳಲ್ಲಿ ನಾಟಕ, ಚಲಚ್ಚಿತ್ರಗಳ ಇತಿಹಾಸವನ್ನು ಪಾಠ ಹೇಳುವಾಗ ನಾಯಕಿಯರನ್ನು ಪಾತ್ರಗಳಿಂದ ನೆನೆಯುತ್ತೇವೆ. ಅವರು ಎಷ್ಟು ಚಿತ್ರಗಳಲ್ಲಿ ಕಂಡರು, ಹೇಗೆ ಅತ್ತರು, ಹೇಗೆ ಹಾಡಿದರು ಎಂದು ಬಣ್ಣಿಸುತ್ತೇವೆ. ಅದರ ಜೊತೆಗೆ ಅವರ ಕೈಯಲ್ಲಿ ಏನಿತ್ತು ಎಂಬುದನ್ನೂ ಕೇಳುವುದು ಒಳ್ಳೆಯದು. ಅದರಗುಂಚಿಯ ಶಾಂತಾಬಾಯಿಯವರ ಕೈಯಲ್ಲಿ ಒಂದು ಹಾಡು ಇತ್ತು. ಬೀಳಗಿಯ ಅಮೀರಬಾಯಿಯವರ ಹೆಸರಿನಲ್ಲಿ ಒಂದು ಚಿತ್ರಮಂದಿರವಿತ್ತು. ರಾಜಮ್ಮನವರ ಹೆಸರಿನಲ್ಲಿ ಒಂದು ಚಿತ್ರವಿತ್ತು. ಕುಂತಿಯ ಪಾತ್ರದಲ್ಲಿ ಮಗನನ್ನು ತನ್ನವನೆಂದು ಹೇಳಿಕೊಳ್ಳಲಾಗದೆ ಕೊರಗಿದ ಆ ನಟಿ, ಅದಕ್ಕೆ ಇಪ್ಪತ್ತೊಂದು ವರ್ಷ ಮುಂಚೆ, ಯುದ್ಧದ ಕತ್ತಲಿನಲ್ಲಿ, ಒಂದು ಚಿತ್ರವನ್ನು ಇದು ನನ್ನದು ಎಂದು ಹೇಳಿಕೊಂಡಿದ್ದರು. ಕನ್ನಡ ಚಿತ್ರರಂಗದಲ್ಲಿ ಹಾಗೆ ಹೇಳಿಕೊಂಡ ಮೊದಲ ಹೆಣ್ಣುದನಿ ಅದು. ಅದನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.